ಬೆಕ್ಕಿನ ತಟ್ಟೆಯಲ್ಲಿ ಏನಿತ್ತು

ಪಶುವೈದ್ಯೆಯಾಗಿ ಕೆಲಸಕ್ಕೆ ಸೇರಿದಾಗ ಬೆಕ್ಕಿನ ಬಗ್ಗೆ ನನಗೆ ಗೊತ್ತಿದ್ದದ್ದು ಎರಡೇ ಸಂಗತಿ. ಅದು ಹಾಲು ಕುಡಿಯುತ್ತದೆ, ಹಿಡಿಯಲು ಹೋದರೆ ಪರಚುತ್ತದೆ. ಕಾಲೇಜಿನಲ್ಲಿ ಹಸು, ಎಮ್ಮೆ, ಕುರಿ, ಕೋಳಿಗಳನ್ನೆಲ್ಲ ನಮಗೆ ಅರೆದು ಕುಡಿಸಿದ್ದರು. ಬೆಕ್ಕು ಇದ್ದದ್ದು ಪುಸ್ತಕದ ಕೊನೆಯಲ್ಲಿ. ಅಲ್ಲಿಗೆ ಬರುವಷ್ಟರಲ್ಲಿ ಪರೀಕ್ಷೆ ಹತ್ತಿರವಾಗಿತ್ತು. ಇದನ್ನು ನೀವೇ ಓದಿಕೊಳ್ಳಿ ಎಂದು ಮೇಷ್ಟ್ರು ಪುಸ್ತಕ ಮುಚ್ಚಿದರು. ನಾವು ಯಾರೂ ಓದಿಕೊಳ್ಳಲಿಲ್ಲ.

ನಿವೃತ್ತಿಯಾಗಿ ಎರಡು ವರ್ಷವಾಯಿತು. ಕನಕಪುರದ ನನ್ನ ಮನೆಗೆ ಹೊಸದಾಗಿ ಕೆಲಸಕ್ಕೆ ಸೇರಿದ ವೈದ್ಯರು ಆಗಾಗ ಬರುತ್ತಾರೆ. ಕಾಫಿ ಕುಡಿಯುತ್ತಾ ವರ್ಗಾವಣೆ, ಬಡ್ತಿ, ಯಾವ ತಾಲ್ಲೂಕಿಗೆ ಹೋದರೆ ಒಳ್ಳೆಯದು ಎಂದು ಕೇಳುತ್ತಾರೆ. ಅದನ್ನೆಲ್ಲ ಸುತ್ತೋಲೆಗಳು ನನಗಿಂತ ಚೆನ್ನಾಗಿ ಹೇಳುತ್ತವೆ. ನಾನು ಹೇಳಲು ಹೊರಟಿರುವುದು ಬೆಕ್ಕಿನ ಊಟದ ವಿಚಾರ. ನಗಬೇಡಿ. ಮಳೆಯಲ್ಲಿ ನೆನೆದು ಕೊಟ್ಟಿಗೆಯಲ್ಲಿ ಕೂತು ಅಡ್ಡ ಸಿಕ್ಕಿಕೊಂಡ ಕರುಗಳನ್ನು ಎಳೆದಿದ್ದೇನೆ, ಅಲ್ಲಿ ಕೈ ತಪ್ಪಿದ್ದು ಕಡಿಮೆ. ನನ್ನ ವೃತ್ತಿಯ ದೊಡ್ಡ ತಪ್ಪು ನಡೆದದ್ದು ಒಂದು ತಿಂಡಿ ಪೊಟ್ಟಣದ ಮುಂದೆ.

ಸಣ್ಣ ತಪ್ಪಿನಿಂದಲೇ ಶುರುಮಾಡುತ್ತೇನೆ. ಮೊದಲ ಪೋಸ್ಟಿಂಗ್ ಉಯ್ಯಂಬಳ್ಳಿ. ಒಂದು ದಿನ ಪುಟ್ಟತಾಯಮ್ಮ ಎಂಬ ರೈತ ಹೆಂಗಸು ಬಿದಿರಿನ ಮಂಕರಿಯಲ್ಲಿ ಬೆಕ್ಕನ್ನು ಕೂರಿಸಿ, ಮೇಲೆ ಹಳೇ ಸೀರೆ ಬಿಗಿದು, ತಲೆಯ ಮೇಲೆ ಹೊತ್ತು ತಂದರು. ಬೆಕ್ಕಿಗೆ ನಾಲ್ಕು ದಿನದಿಂದ ಭೇದಿ. ಏನು ಹಾಕುತ್ತೀರಿ ಎಂದು ಕೇಳಿದೆ. ಮುದ್ದೆ ಕಿವುಚಿ ಹಾಲು ಹುಯ್ಯುತ್ತೇನೆ ಎಂದರು. ಬೆಕ್ಕು ಸೊರಗಿತ್ತು. ನನಗೆ ಕನಿಕರ ಬಂತು. ಮುದ್ದೆ ನಿಲ್ಲಿಸಿ, ಒಂದು ವಾರ ಬರೀ ಹಾಲು ಕೊಡಿ, ಅದೂ ಗಟ್ಟಿ ಎಮ್ಮೆ ಹಾಲು, ಎಂದು ಗಂಭೀರವಾಗಿ ಹೇಳಿದೆ. ಅವರು ಕೈಮುಗಿದು ಹೋದರು.

ವಾರ ಕಳೆದು ಪುಟ್ಟತಾಯಮ್ಮ ಮತ್ತೆ ಬಂದರು. ತಲೆಯ ಮೇಲೆ ಮಂಕರಿ ಇರಲಿಲ್ಲ. ಬೆಕ್ಕು ಹೇಗಿದೆ ಎಂದು ಕೇಳಲೂ ಭಯ. ಅವರೇ ಬೆಂಚಿನ ಮೇಲೆ ಕೂತು ಹೇಳಿದರು.

"ನೀವ್ ಯೋಳ್ದಂಗೆ ಮೂರ್ ದಿನ ಹಾಲ್ ಉಯ್ದೆ ಕಣವ್ವ. ಇನ್ನೂ ಜಾಸ್ತಿ ಆಗೋಯ್ತು. ಆಮೇಕೆ ಹಾಲ್ ನಿಲ್ಲಿಸ್ಬುಟ್ಟು, ಹೊಳೆ ಮೀನ್ ಬೇಯ್ಸಿ, ಮುಳ್ಳ್ ತಗ್ದು ಒಸಿ ಒಸಿ ಇಟ್ಟೆ. ಈಗ ಗಟ್ಟಿಯಾಗೈತೆ."

ಹಾಗಿದ್ದರೆ ಇಷ್ಟು ದೂರ ನಡೆದು ಬಂದದ್ದೇಕೆ ಎಂದೆ.

"ಇನ್ಯಾರಾರ ಬೆಕ್ಕ್ ತಂದ್ರೆ ಹಾಲ್ ಹಾಕಿ ಅಂತ ಯೋಳ್ಬುಡ್ತೀರಲ್ಲ. ಯೋಳ್ಬ್ಯಾಡಿ ಅಂತ ಯೋಳೋಗಾನ ಅಂತ ಬಂದೆ."

ಮಾತಿನಲ್ಲಿ ವ್ಯಂಗ್ಯವಿರಲಿಲ್ಲ, ಸಿಟ್ಟೂ ಇರಲಿಲ್ಲ. ಮಗಳಿಗೆ ಸಾರಿನ ಹದ ಹೇಳಿಕೊಡುವಂತೆ ಹೇಳಿ ಎದ್ದು ಹೋದರು. ಅಂದು ಸಂಜೆ ಪೆಟ್ಟಿಗೆಯ ತಳದಿಂದ ಪುಸ್ತಕ ತೆಗೆದು ಆ ಕೊನೆಯ ಅಧ್ಯಾಯ ಓದಿದೆ. ಮರಿಯಾಗಿದ್ದಾಗ ಹಾಲನ್ನು ಅರಗಿಸಿಕೊಳ್ಳುವ ಶಕ್ತಿ ಬೆಳೆದ ಮೇಲೆ ಬಹಳಷ್ಟು ಬೆಕ್ಕುಗಳಿಗೆ ಉಳಿಯುವುದಿಲ್ಲ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿತ್ತು. ಬೆಕ್ಕು ಮೂಲತಃ ಮಾಂಸ ತಿಂದು ಬದುಕುವ ಪ್ರಾಣಿ ಎಂದೂ ಇತ್ತು. ನಾನು ಅದನ್ನು ಓದಿದೆ, ಸರಿಯೆಂದು ತಲೆದೂಗಿದೆ. ಓದಿದ್ದು ಬೇರೆ, ಸಮಯಕ್ಕೆ ಒದಗಿಬರುವುದು ಬೇರೆ. ಅದು ನನಗೆ ಗೊತ್ತಾಗಲು ಇನ್ನೂ ಬಹಳ ವರ್ಷ ಹಿಡಿಯಿತು.

ಮುಂದೆ ಮಾಗಡಿ ಕಡೆಗೆ ವರ್ಗವಾಯಿತು. ಅಲ್ಲಿ ನಮ್ಮ ಮೇಲಧಿಕಾರಿಯಾಗಿದ್ದ ಸಾಹೇಬರು ಹಳೇ ಕಾಲದವರು, ದಪ್ಪ ಮೀಸೆ, ದೊಡ್ಡ ದನಿ. ತಪಾಸಣೆಗೆ ಬಂದಾಗ ರಿಜಿಸ್ಟರ್ ತಿರುವಿ ಹಾಕಿದರು. ಅದರಲ್ಲಿ ದನ, ಎಮ್ಮೆ, ಕುರಿ, ಮೇಕೆ, ನಾಯಿಗೆಲ್ಲ ಒಂದೊಂದು ಕಾಲಮ್ಮು. ಬೆಕ್ಕಿಗೆ ಇರಲಿಲ್ಲ, ಹಾಗಾಗಿ ನಾನು 'ಇತರೆ' ಎಂಬಲ್ಲಿ ತುಂಬುತ್ತಿದ್ದೆ. ಏನಮ್ಮಾ ಇಷ್ಟೊಂದು ಇತರೆ, ಆನೆ ಗೀನೆ ನೋಡ್ತಿದ್ದೀಯಾ ಎಂದು ಕೇಳಿದರು. ಬೆಕ್ಕು ಸಾರ್ ಎಂದಾಗ ಸಿಬ್ಬಂದಿಯೆಲ್ಲ ಸೇರಿ ನಕ್ಕರು.

ಆದರೆ ಅವರಿಂದಲೇ ನಾನು ಒಂದು ಪಾಠ ಕಲಿತೆ. ಅದೇ ದಿನ ಸಾವನದುರ್ಗದ ತಪ್ಪಲಿನ ಹಳ್ಳಿಯಿಂದ ಒಬ್ಬ ಉಬ್ಬಸಪಡುತ್ತಿದ್ದ ಗಂಡುಬೆಕ್ಕನ್ನು ತಂದಿದ್ದ. ಕುಂಬಳಕಾಯಿಯಂತೆ ಊದಿಕೊಂಡಿತ್ತು. ನಾನು ಸೂಜಿಗೆ ಕೈಹಾಕಿದೆ. ಸಾಹೇಬರು ನನ್ನ ಮಣಿಕಟ್ಟು ಹಿಡಿದು, ಮೊದಲು ಅದು ಏನು ತಿನ್ನುತ್ತದೆ ಕೇಳು, ಸೂಜಿ ಎಲ್ಲಿಗೂ ಓಡಿಹೋಗಲ್ಲ ಎಂದರು. ನಂತರ ತಾವೇ ಕುರ್ಚಿ ಎಳೆದುಕೊಂಡು ಕೂತು ವಿಚಾರಣೆಗೆ ತೊಡಗಿದರು. ಯಾರು ಹಾಕುತ್ತಾರೆ, ಯಾವ ಹೊತ್ತಿಗೆ, ಯಾವ ಪಾತ್ರೆಯಲ್ಲಿ, ಉಳಿಸುತ್ತದೆಯೋ ನೆಕ್ಕುತ್ತದೆಯೋ. ಆ ಮನುಷ್ಯ ದೇವರಾಣೆ ಮಾಡಿ, ನಾನು ಹಾಕುವುದು ಒಂದು ಹಿಡಿ ಅನ್ನ ಮಾತ್ರ, ಅದನ್ನೂ ಮುಟ್ಟುವುದಿಲ್ಲ ಎಂದ. ಹಾಗಾದರೆ ಹಗಲೆಲ್ಲ ಎಲ್ಲಿರುತ್ತದೆ ಎಂದು ಸಾಹೇಬರು ಕೇಳಿದರು. ಅವನಿಗೆ ಗೊತ್ತಿರಲಿಲ್ಲ. ಮರುದಿನ ನಾನೇ ಹೋಗಿ ನೋಡಿದೆ. ದೇವಸ್ಥಾನದ ಬಳಿ ಬೆಟ್ಟ ನೋಡಲು ಬಂದವರ ನಡುವೆ ಅದು ಸವಾರಿ ಹೊರಟಿತ್ತು. ಒಬ್ಬರು ಪೂರಿ, ಇನ್ನೊಬ್ಬರು ಬಿಸ್ಕತ್ತು, ಮತ್ತೊಬ್ಬರು ಖಾರದ ಮಿಕ್ಸ್ಚರ್. ಸಂಜೆಗೆ ಸನ್ಯಾಸಿಯಂತೆ ಮನೆಗೆ ಮರಳಿ, ಹಿಡಿ ಅನ್ನವನ್ನು ಮೂಸಿ ಮಲಗುತ್ತಿತ್ತು.

ಚನ್ನಪಟ್ಟಣದಲ್ಲಿ ಇದಕ್ಕೆ ತದ್ವಿರುದ್ಧವಾದ ಕಥೆ. ರಹಮತ್ ಸಾಬರು ಬೊಂಬೆ ಮಾಡುವವರು. ಅವರ ಬೆಕ್ಕಿಗೆ ಊಟದ ಬಡತನವೇ ಇರಲಿಲ್ಲ. ತಮ್ಮನ ಮಾಂಸದಂಗಡಿಯಿಂದ ದಿನವೂ ಮೇಕೆಯ ಲಿವರ್ ಬರುತ್ತಿತ್ತು. ಬೇರೆ ಏನೂ ಇಲ್ಲ, ಮೂರು ವರ್ಷ ಬರೀ ಲಿವರ್. ಬೆಕ್ಕಿನ ಕತ್ತು ಕಟ್ಟಿಗೆಯಂತೆ ಬಿಗಿದುಹೋಗಿ, ತಲೆ ತಿರುಗಿಸಿ ಮೈ ನೆಕ್ಕಿಕೊಳ್ಳಲೂ ಆಗುತ್ತಿರಲಿಲ್ಲ. ಲಿವರ್‌ನಲ್ಲಿರುವ ಒಂದು ವಿಟಮಿನ್ ಅತಿಯಾದರೆ ಮೂಳೆಯ ಸಂದುಗಳಲ್ಲಿ ಗಂಟು ಕಟ್ಟುತ್ತದೆ, ಇನ್ನು ಅದನ್ನು ನಿಲ್ಲಿಸಬೇಕು ಎಂದೆ. ಸಾಬರು ನಂಬಲಿಲ್ಲ.

"ಮೇಡಮ್, ಸಬ್‌ಸೆ ಅಚ್ಛಾ ಮಾಲ್ ಹಾಕ್ತಾ ಇದೀನಿ. ಒಳ್ಳೇದು ಹಾಕಿದ್ರೆ ಕಾಯಿಲೆ ಹೆಂಗೆ ಬರ್ತದೆ?"

ಬೊಂಬೆಗೆ ಅರಗು ಒಳ್ಳೆಯದು, ಹಾಗೆಂದು ಮರವೇ ಇಲ್ಲದೆ ಬರೀ ಅರಗಿನಲ್ಲಿ ಬೊಂಬೆ ಮಾಡುತ್ತೀರಾ ಎಂದು ಕೇಳಿದೆ. ಅವರು ನಕ್ಕು ಒಪ್ಪಿದರು. ಕೋಳಿ ಮಾಂಸ, ಮೀನು, ಮೊಟ್ಟೆ ಹೀಗೆ ಬದಲಿಸುತ್ತಾ ಬಂದರು. ಬಿಗಿದ ಕತ್ತು ಪೂರ್ತಿ ಸಡಿಲವಾಗಲಿಲ್ಲ, ನೋವು ಮಾತ್ರ ಇಳಿಯಿತು. ಅದು ಬಗ್ಗದೆ ತಿನ್ನಲೆಂದು ಎತ್ತರದ ಪೀಠವಿರುವ ಮರದ ಬಟ್ಟಲೊಂದನ್ನು ಸಾಬರು ತಾವೇ ಕಡೆದುಕೊಟ್ಟರು. ಅಂಥದೇ ಇನ್ನೊಂದನ್ನು ನನಗೂ ಕೊಟ್ಟರು. ಅದರಲ್ಲಿ ನಾನು ಚಿಲ್ಲರೆ, ಪಿನ್ನು ಹಾಕಿಡುತ್ತೇನೆ.

ಇಷ್ಟೆಲ್ಲ ಅನುಭವವಾದ ಮೇಲೆ, ಬೆಕ್ಕಿನ ಊಟದ ವಿಷಯದಲ್ಲಿ ನಾನು ಎಡವಲಾರೆ ಎಂದುಕೊಂಡಿದ್ದೆ.

ನನ್ನ ಕೊನೆಯ ಪೋಸ್ಟಿಂಗ್ ಬಿಡದಿ ಕಡೆ. ಅಷ್ಟರಲ್ಲಿ ಕೆಲಸದ ರೀತಿಯೇ ಬದಲಾಗಿತ್ತು. ಕಾರ್ಖಾನೆಗೆ ಬಂದವರು ಬಾಡಿಗೆ ಮನೆಗಳಲ್ಲಿ ಬೆಕ್ಕು ಸಾಕುತ್ತಿದ್ದರು. ಅಂಗಡಿಗಳಲ್ಲಿ ಬಣ್ಣಬಣ್ಣದ ತಿಂಡಿ ಪೊಟ್ಟಣಗಳು ತೂಗುತ್ತಿದ್ದವು. ಮಂಕರಿಯ ಬದಲು ವಾಟ್ಸಾಪಿನಲ್ಲಿ ಬೆಕ್ಕು ಬರುತ್ತಿತ್ತು. ಕೆಲವರು ಬೆಕ್ಕಿನ ಭೇದಿಯ ಫೋಟೊವನ್ನೂ ಕಳಿಸುತ್ತಿದ್ದರು, ಅದೂ ನಾನು ಊಟಕ್ಕೆ ಕೂತ ಹೊತ್ತಿಗೆ ಸರಿಯಾಗಿ.

ಸ್ಟೇಷನ್ನಿನ ದಾರಿಯಲ್ಲಿ ಶಿವಲಿಂಗಪ್ಪ ಮತ್ತು ಗಿರಿಜಮ್ಮ ದಂಪತಿಯ ತಟ್ಟೆ ಇಡ್ಲಿ ಹೋಟೆಲು. ನಾಲ್ಕು ಬೆಂಚು, ಒಂದು ಒಲೆ. ನಾನು ಅಲ್ಲೇ ಬೆಳಗಿನ ತಿಂಡಿ ತಿನ್ನುತ್ತಿದ್ದೆ. ದಂಪತಿ ಲಿಂಗ ಕಟ್ಟಿದವರು, ಅವರ ಹೊಸ್ತಿಲು ಮೊಟ್ಟೆಯನ್ನೂ ಕಂಡಿರಲಿಲ್ಲ. ಒಂದು ದಿನ ಪ್ಲಾಟ್‌ಫಾರಂ ಕಡೆಯಿಂದ ತಿಳಿಹಳದಿ ಬಣ್ಣದ ಹೆಣ್ಣುಮರಿಯೊಂದು ಬಂದು ಬೆಂಚಿನಡಿ ಸೇರಿತು. ಇಡ್ಲಿ ಮೇಲಿನ ಬೆಣ್ಣೆ ನೆಕ್ಕಿ ಬೆಳೆದದ್ದರಿಂದ ಅದಕ್ಕೆ ಬೆಣ್ಣೆ ಎಂದೇ ಹೆಸರಾಯಿತು. ಮಕ್ಕಳಿಲ್ಲದ ಶಿವಲಿಂಗಪ್ಪನವರು ಅದನ್ನು ಹೆಗಲ ಮೇಲೆ ಕೂರಿಸಿಕೊಂಡೇ ಗಲ್ಲಾಪೆಟ್ಟಿಗೆ ಹತ್ತಿರ ಕೂರುತ್ತಿದ್ದರು.

ಇಡ್ಲಿ, ಮೊಸರನ್ನ ಬೆಕ್ಕಿಗೆ ಸಾಲದು, ಮಾಂಸ ಬೇಕು ಎಂದು ನಾನು ಮೊದಲೇ ಹೇಳಿದ್ದೆ. ಅವರ ಮುಖ ಸಣ್ಣದಾಗಿತ್ತು. ಕೆಲವು ವಾರ ಕಳೆದು ಒಂದು ಬೆಳಿಗ್ಗೆ ಅವರು ಪೊಟ್ಟಣವೊಂದನ್ನು ಎತ್ತಿ ಹಿಡಿದು ಬಂದರು. ಮುಖ ಅರಳಿತ್ತು.

"ಸಿಕ್ತು ಡಾಕ್ಟ್ರಮ್ಮ. ಹಸಿರು ಚುಕ್ಕೆ ಐತೆ ನೋಡಿ. ಸಾಕುಪ್ರಾಣಿಗೇ ಅಂತ ಮಾಡಿರೋದಂತೆ. ಹಾಕ್ಬೋದಾ?"

ಅಂದು ಕಾಲುಬಾಯಿ ರೋಗದ ಲಸಿಕೆಯ ದಿನ. ಹೊರಗೆ ಜೀಪು ಹಾರ್ನ್ ಮಾಡುತ್ತಿತ್ತು, ನನ್ನ ಬಾಯಲ್ಲಿ ಇಡ್ಲಿ ಇತ್ತು. ಹಸಿರು ಚುಕ್ಕೆಯನ್ನು ನೋಡಿದೆ, ಅವರ ಸಂತೋಷವನ್ನು ನೋಡಿದೆ. ಒಳ್ಳೆಯದಾಯಿತು, ಹಾಕಿ ಎಂದು ಜೀಪು ಹತ್ತಿದೆ. ಅಷ್ಟೇ ನಡೆದದ್ದು. ಅದಾದ ಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಅದೇ ಬೆಂಚಿನಲ್ಲಿ ಕೂತು ತಿಂಡಿ ತಿಂದೆ. ಪೊಟ್ಟಣಗಳು ಕಣ್ಣೆದುರಿನ ಗೂಡಿನಲ್ಲೇ ಇರುತ್ತಿದ್ದವು. ಒಂದು ದಿನವೂ ಅವನ್ನು ತಿರುಗಿಸಿ ನೋಡಲಿಲ್ಲ.

ಒಮ್ಮೆ ಗಿರಾಕಿಗಳು ಬೆಂಚನ್ನು ಸ್ವಲ್ಪ ಸರಿಸಿದ್ದರು. ಬೆಣ್ಣೆ ನಡೆದು ಬಂದು ಅದರ ಕಾಲಿಗೆ ಮುಖ ಗುದ್ದಿಕೊಂಡಿತು. ಸುಧಾರಿಸಿಕೊಂಡು ತಿರುಗಿ ಗೋಡೆಗೆ ಗುದ್ದಿತು. ಒಂದು ವಾರದಿಂದ ಹೀಗೇ ಮಾಡುತ್ತಿದೆ ಎಂದು ಗಿರಿಜಮ್ಮ ಹೇಳಿದರು. ನಾನು ಅದನ್ನು ಎತ್ತಿಕೊಂಡು ಮೊಬೈಲಿನ ಬೆಳಕನ್ನು ಕಣ್ಣಿಗೆ ಬಿಟ್ಟೆ. ಬೆಳಕು ಬಿದ್ದರೆ ಕಿರಿದಾಗಬೇಕಿದ್ದ ಪಾಪೆ ಅಗಲವಾಗಿಯೇ ಉಳಿಯಿತು. ಎದೆಗೆ ಕಿವಿಯಿಟ್ಟೆ, ಉಸಿರು ಓಡುತ್ತಿತ್ತು. ಸಾಹೇಬರ ಮಾತು ಆಗ ನೆನಪಾಗಿ, ಆ ಪೊಟ್ಟಣ ಕೊಡಿ ಎಂದೆ. ತಿರುಗಿಸಿದೆ. ಹಿಂಬದಿಯ ಮೂಲೆಯಲ್ಲಿ ಒಂದು ನಾಯಿಯ ಚಿತ್ರ. ಕೆಳಗೆ ಸಣ್ಣ ಅಕ್ಷರದಲ್ಲಿ, ಬೆಳೆದ ನಾಯಿಗಳಿಗೆ ಎಂದು. ಒಳಗಿರುವುದು ಜೋಳ, ಅಕ್ಕಿ, ಸೋಯಾ.

ಬೆಂಗಳೂರಿನಲ್ಲಿ ಬೆಕ್ಕುಗಳನ್ನೇ ಹೆಚ್ಚಾಗಿ ನೋಡುವ ಡಾಕ್ಟರ್ ಸಹನಾ ಹಿಂದೆ ನನ್ನ ಬಳಿ ತರಬೇತಿಗೆ ಬಂದಿದ್ದವಳು. ಅವಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ತಡಮಾಡದೆ ಉತ್ತರಿಸಿದಳು. ಟಾರಿನ್ ಎಂಬ ಸತ್ವ ಮಾಂಸದಲ್ಲಿರುತ್ತದೆ. ನಾಯಿಯ ದೇಹ ಅದನ್ನು ಬಹುಮಟ್ಟಿಗೆ ತಾನೇ ತಯಾರಿಸಿಕೊಳ್ಳುತ್ತದೆ, ಬೆಕ್ಕಿಗೆ ಬೇಕಾದಷ್ಟು ತಯಾರಿಸಿಕೊಳ್ಳಲು ಆಗುವುದಿಲ್ಲ. ಅದು ಸಿಗದೆ ತಿಂಗಳುಗಟ್ಟಲೆ ಕಳೆದರೆ ಕಣ್ಣಿನ ಪರದೆ ಸವೆಯುತ್ತದೆ, ಹೃದಯ ಜೋಲುಬೀಳುತ್ತದೆ. ಕಣ್ಣು ಹೋದಷ್ಟು ಹೋಯಿತು, ಹೃದಯವನ್ನು ಉಳಿಸಬಹುದು, ಬೇಗ ಕರೆದುಕೊಂಡು ಬನ್ನಿ ಎಂದಳು. ಆಮೇಲೆ, ಆ ತಿಂಡಿ ಹಾಕಲು ಹೇಳಿದವರು ಯಾರು ಎಂದು ಕೇಳಿದಳು. ನಾನೇ ಎಂದೆ. ಹಾಗಾದರೆ ಅವರಿಗೆ ನೀವೇ ಹೇಳಬೇಕು ಮೇಡಮ್ ಎಂದಳು. ತರಬೇತಿಗೆ ಬಂದವಳು ನನಗಿಂತ ದೊಡ್ಡವಳಾಗಿದ್ದಳು.

ಮಧ್ಯಾಹ್ನ ಹೋಟೆಲಿನ ಕೆಲಸ ಮುಗಿದ ಮೇಲೆ ಹೋದೆ. ಗಿರಿಜಮ್ಮ ಅಕ್ಕಿ ನೆನೆಹಾಕುತ್ತಿದ್ದರು. ಬೆಣ್ಣೆ ಶಿವಲಿಂಗಪ್ಪನವರ ತೊಡೆಯ ಮೇಲಿತ್ತು. ಮುಚ್ಚಿಡದೆ ಎಲ್ಲವನ್ನೂ ಹೇಳಿದೆ. ತಂದವನು ನಾನಲ್ಲವೇ, ನಿಮ್ಮದೇನು ತಪ್ಪು ಎಂದು ಅವರು ನನ್ನನ್ನೇ ಸಮಾಧಾನ ಮಾಡಲು ನೋಡಿದರು. ಆ ದಾರಿ ಸುಲಭವಾಗಿತ್ತು, ಹಿಡಿಯಬಹುದಿತ್ತು.

"ಇಲ್ಲ, ನೀವು ನನ್ನನ್ನ ಕೇಳಿದ್ರಿ. ನಾನು ತಿರುಗಿಸಿ ನೋಡ್ಲಿಲ್ಲ. ತಪ್ಪು ನಂದೇ" ಎಂದೆ.

ಅವರು ಬೆಕ್ಕಿನ ಬೆನ್ನು ಸವರಿದರು. ಕೇಳಿದ್ದು ಒಂದೇ ಮಾತು, "ಉಳೀತದಾ?"

ಉಳಿಯಬಹುದು, ಔಷಧಿಯಿದೆ, ಆದರೆ ಇನ್ನು ಮುಂದೆ ಮಾಂಸವಿರುವ ಆಹಾರವನ್ನೇ ಕೊಡಬೇಕು ಎಂದೆ. ಅವರು ಬೆಕ್ಕನ್ನು ಮೆಲ್ಲಗೆ ಕೆಳಗಿಟ್ಟು, ಎದ್ದು ಹೊರಗೆ ಹೋಗಿ ರಸ್ತೆ ನೋಡುತ್ತಾ ನಿಂತರು. ನಾನು ಗಿರಿಜಮ್ಮನ ಮುಖ ನೋಡಿದೆ. ಅವರು ಕೈಯನ್ನು ಸೆರಗಿಗೆ ಒರೆಸಿಕೊಂಡು, ಗಂಡನಿಗೆ ಕೇಳುವಷ್ಟು ದನಿಯಲ್ಲಿ ಹೇಳಿದರು.

"ನಮ್ಮ್ ನೇಮ ನಮ್ಗೆ. ಅದು ಲಿಂಗ ಕಟ್ಕಂಡೈತಾ? ಇಲ್ಲ. ಅದ್ಕಿಲ್ದಿರೋ ನೇಮಾನ ನಾವ್ ಅದ್ರು ತಲೆ ಮ್ಯಾಲೆ ಹೊರ್ಸಿ ಕಣ್ಣ್ ಕಳುದ್ವಿ. ಇನ್ ಜೀವಾನೂ ಕಳೀಬೇಕಾ?"

ಶಿವಲಿಂಗಪ್ಪನವರು ತಿರುಗದೆಯೇ, "ಅಡಿಗೆಮನೇಲಿ ಬ್ಯಾಡ" ಎಂದರು.

"ಅಡಿಗೆಮನೇಲಿ ಅಂತ ಯಾರ್ ಅಂದ್ರು?" ಎಂದರು ಗಿರಿಜಮ್ಮ.

ಮರುದಿನ ಬೆಣ್ಣೆಯನ್ನು ಸಹನಾಳ ಬಳಿಗೆ ಕರೆದೊಯ್ದು ಔಷಧಿ ಆರಂಭಿಸಿದೆವು. ಅದರ ಮಾರನೆಯ ದಿನ ನಾವು ಮೂವರೂ ಅಂಗಡಿಗೆ ಹೋದೆವು. ಈ ಸಲ ನಾನು ಕನ್ನಡಕ ಹಾಕಿಕೊಂಡೇ ಹೋದೆ. ಒಂದೊಂದು ಪೊಟ್ಟಣವನ್ನೂ ತಿರುಗಿಸಿ ಓದಿ ಹೇಳುತ್ತಾ ಹೋದೆ. ಬೆಕ್ಕಿಗೆಂದೇ ಮಾಡಿದ್ದೇ? ಪೂರ್ತಿ ಊಟವೋ, ಬರೀ ನಾಲಿಗೆಚಪಲದ ತಿನಿಸೋ? ಟಾರಿನ್ ಎಂಬ ಹೆಸರಿದೆಯೇ? ತೂಕದಲ್ಲಿ ಹೆಚ್ಚಿರುವುದನ್ನು ಮೊದಲು ಬರೆಯುತ್ತಾರೆ, ಆ ಮೊದಲ ಹೆಸರು ಕೋಳಿಯದೋ ಮೀನಿನದೋ ಆಗಿದೆಯೇ, ಅಥವಾ ಜೋಳದ್ದೇ? ನಾನು ಇಷ್ಟು ವಿವರಿಸಿದ್ದೇ ತಡ, ಶಿವಲಿಂಗಪ್ಪನವರು ಮುಂದೆ ಬಂದರು. ಮೂವತ್ತು ವರ್ಷ ಇಡ್ಲಿಗೆ ಅಕ್ಕಿ, ಉದ್ದು ಆರಿಸಿದ ಮನುಷ್ಯ. ತೆರೆದ ಮೂಟೆಯಿಂದ ಅಳೆದುಕೊಡುವುದನ್ನು ಮುಗ್ಗಲು ವಾಸನೆ ಎಂದು ತಳ್ಳಿದರು. ಕೆಂಪು ಹಸಿರು ಕಾಳುಗಳಿದ್ದ ಹೊಳೆಯುವ ಪೊಟ್ಟಣ ಎತ್ತಿ ಅಂಗಡಿಯವನನ್ನು ಕೇಳಿದರು, "ಈ ಬಣ್ಣ ಯಾರ್ಗಪ್ಪ? ಬೆಕ್ಕಿಗೋ, ಕೊಳ್ಳೋರ್ಗೋ?" ಅಂಗಡಿಯವನು ಅದನ್ನು ವಾಪಸ್ ತೂಗುಹಾಕಿದ. ಕೊನೆಗೆ ಸಾದಾ ಪೊಟ್ಟಣವೊಂದನ್ನು ಆರಿಸಿ, ದೂರ ಹಿಡಿದು, ಮೊದಲ ಹೆಸರನ್ನು ಮೆಲ್ಲಗೆ ಓದಿದರು. "ಕೋಳಿ ಮಾಂಸ" ಎಂದು ಅವರ ಬಾಯಲ್ಲಿ ಬಂದದ್ದು ಬಹುಶಃ ಅದೇ ಮೊದಲು.

ಹಿತ್ತಲಿನಲ್ಲಿ ನೀರಿನ ಸಂಪಿನ ಪಕ್ಕದ ತಗಡಿನ ಶೆಡ್ಡು ಬೆಣ್ಣೆಯ ಊಟದ ಮನೆಯಾಯಿತು. ಬೇರೆ ತಟ್ಟೆ, ನೀರಿಗೆ ಬೇರೆ ಬಟ್ಟಲು. ಒಮ್ಮೆಲೇ ಬದಲಿಸಿದರೆ ಹೊಟ್ಟೆ ಕೆಡುತ್ತದೆಂದು ಹಳೆಯದರೊಂದಿಗೆ ಹೊಸದನ್ನು ದಿನದಿನಕ್ಕೆ ಹೆಚ್ಚಿಸಿ ಬೆರೆಸಲು ಹೇಳಿಕೊಟ್ಟೆ. ಹಾಕುತ್ತಿದ್ದದ್ದು ಗಿರಿಜಮ್ಮ. ಶಿವಲಿಂಗಪ್ಪನವರು ಆ ಹೊತ್ತಿಗೆ ಅತ್ತ ಸುಳಿಯುತ್ತಿರಲಿಲ್ಲ.

ಹೀಗಿರುವಾಗ ಗಿರಿಜಮ್ಮ ತಂಗಿಯ ಮಗುವಿನ ನಾಮಕರಣಕ್ಕೆಂದು ನಾಲ್ಕು ದಿನ ಊರಿಗೆ ಹೊರಟರು. ನಾಲ್ಕು ದಿನ ಮೊಸರನ್ನದಲ್ಲಿ ತಳ್ಳಬಹುದೇ ಎಂದು ಶಿವಲಿಂಗಪ್ಪ ನನಗೆ ಫೋನ್ ಮಾಡಿ ಕೇಳಿದರು. ಕೂಡದು ಎಂದೆ. ಮರುದಿನ ಬೆಳಿಗ್ಗೆ ಹಿತ್ತಲಿಗೆ ಇಣುಕಿದರೆ, ಉದ್ದನೆಯ ಬಿದಿರು ಗಳಕ್ಕೆ ಸೌಟು ಕಟ್ಟಿ, ಮುಖ ಅತ್ತ ತಿರುಗಿಸಿ, ತಟ್ಟೆಗೆ ಕಾಳು ಸುರಿಯುತ್ತಿದ್ದರು. ಅರ್ಧ ತಟ್ಟೆಗೆ, ಅರ್ಧ ನೆಲಕ್ಕೆ. ಕಣ್ಣು ಕಾಣದ ಬೆಣ್ಣೆ ನೆಲದ ಮೇಲೆ ಒಂದೊಂದೇ ಕಾಳು ಹುಡುಕುತ್ತಿತ್ತು. ಎರಡನೆಯ ದಿನ ಗಳ ಅರ್ಧ ಉದ್ದಕ್ಕೆ ಇಳಿದಿತ್ತು. ಮೂರನೆಯ ದಿನ ಸೌಟು ಮಾತ್ರ. ನಾಲ್ಕನೆಯ ದಿನ ನಾನು ಹೋದಾಗ ಅವರು ಕುಕ್ಕರಗಾಲಲ್ಲಿ ಕೂತು, ಕಾಳನ್ನು ಅಂಗೈಯಲ್ಲಿಟ್ಟು ತಿನ್ನಿಸುತ್ತಿದ್ದರು. ನನ್ನನ್ನು ಕಂಡು ಸ್ವಲ್ಪ ನಾಚಿ, ಹೇಗಿದ್ದರೂ ಸ್ನಾನ ಮಾಡಿಯೇ ಒಲೆ ಹಚ್ಚುವುದು ಎಂದರು.

ಕೆಲವು ತಿಂಗಳ ನಂತರ ಸಹನಾ ಮತ್ತೆ ಸ್ಕ್ಯಾನ್ ಮಾಡಿ, ಹೃದಯ ಬಹುಪಾಲು ಸರಿಹೋಗಿದೆ ಎಂದಳು. ನಾನು ಆ ಸುದ್ದಿಯನ್ನು ಅವಳಿಂದ ಎರಡೆರಡು ಸಲ ಹೇಳಿಸಿಕೊಂಡೆ. ಕಣ್ಣು ಮಾತ್ರ ಬರಲಿಲ್ಲ, ಬೆಳಕು ನೆರಳು ಗೊತ್ತಾಗುವಷ್ಟೇ ಉಳಿಯಿತು. ಶಿವಲಿಂಗಪ್ಪನವರು ಬೆಂಚುಗಳ ಕಾಲನ್ನು ನೆಲಕ್ಕೆ ಸಿಮೆಂಟು ಹಾಕಿ ಕೂರಿಸಿಬಿಟ್ಟರು. ಇಕ್ಕಟ್ಟಾಯಿತೆಂದು ಗೊಣಗುವ ಹೊಸ ಗಿರಾಕಿಗಳಿಗೆ ಹಳೇ ಗಿರಾಕಿಗಳೇ ಕಾರಣ ಹೇಳುತ್ತಿದ್ದರು.

ನಿವೃತ್ತಿಗೆ ಇನ್ನು ಒಂದು ತಿಂಗಳಿತ್ತು. ಒಂದು ಹಳ್ಳಿಯಲ್ಲಿ ಕರುಗಳಿಗೆ ಜಂತುಹುಳುವಿನ ಔಷಧಿ ಕುಡಿಸುತ್ತಿದ್ದಾಗ ಶಿವಲಿಂಗಪ್ಪನವರ ಫೋನ್ ಬಂತು. ದನಿಯಲ್ಲಿ ಗಾಬರಿಯಿತ್ತು.

"ಡಾಕ್ಟ್ರಮ್ಮ, ಬೆಣ್ಣೆ ಇಲಿ ಹಿಡ್ದವ್ಳೆ. ಅಕ್ಕಿ ಮೂಟೆ ಸಂದೀಲಿ, ಕಣ್ಣ್ ಕಾಣ್ದಲೇ ಹಿಡ್ದವ್ಳೆ. ತಂದು ನನ್ನ್ ಪಾದುದ್ ಮ್ಯಾಲೆ ಮಡಗವ್ಳೆ. ಕಾಲ್ ಅಳ್ಳಾಡಿಸ್ದೆ ನಿಂತಿವ್ನಿ. ಈಗೇನ್ ಮಾಡ್ಲಿ?"

ಬೆಕ್ಕುಗಳು ಹಾಗೆ ತಂದಿಡುವುದು ತಮ್ಮವರೆಂದುಕೊಂಡವರಿಗೆ ಮಾತ್ರ, ಗದರಬೇಡಿ ಎಂದೆ. ಹೊಗಳಿ ಎಂದೆ.

ಆ ಕಡೆ ಒಲೆಯ ಮೇಲೆ ಇಡ್ಲಿಯ ಆವಿ ಬುಸುಗುಡುವುದು, ಯಾರೋ ಚಟ್ನಿ ಕೇಳುವುದು ಕೇಳಿಸುತ್ತಿತ್ತು. ಶಿವಲಿಂಗಪ್ಪನವರು ಫೋನನ್ನು ಕಿವಿಯಿಂದ ತೆಗೆದು ಬಗ್ಗಿರಬೇಕು, ದನಿ ದೂರವಾಯಿತು.

"ಶಭಾಷ್ ಕಣವ್ವ" ಎಂದರು. ಆಮೇಲೆ, ಇನ್ನೂ ಮೆಲ್ಲಗೆ, "ನಂಗ್ ಬ್ಯಾಡ. ನೀನೇ ತಿನ್ನು."